ಆಟ ಮುಗಿಯುವ ಮೊದಲೇ ಹೊರಟುಹೋಗುವ ನಾಯಕ

ಧಾರಾವಾಹಿಯ ಆ ಕಂತು ಓದಿ ನನ್ನ ಕೈಕಾಲು ತಣ್ಣಗಾದವು.

ಯಶವಂತಪುರದ ರೈಲ್ವೆ ಗೇಟಿನ ಪಕ್ಕದ ಮೈದಾನದಲ್ಲಿ ನಾವು ಹುಡುಗಿಯರು ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದ ಕಾಲ, ಎಪ್ಪತ್ತರ ದಶಕದ ಕೊನೆ. ಮನೆಗೆ ಬರುತ್ತಿದ್ದ ವಾರಪತ್ರಿಕೆಯಲ್ಲಿ ಆಟಗಾರ್ತಿಯೊಬ್ಬಳ ಪ್ರೇಮಕಥೆ ಶುರುವಾಗಿತ್ತು. ಅಂಥ ಕಥೆಗಳನ್ನು ನಾನು ಬೇಕಾದಷ್ಟು ಓದಿದ್ದೆ. ನಾಯಕಿ ಹಣೆಯ ಕುಂಕುಮವೂ ಅಳಿಸದೆ ಕಪ್ ಗೆಲ್ಲುತ್ತಾಳೆ, ನಾಯಕ ಗುಲಾಬಿ ಹಿಡಿದು ಓಡಿಬರುತ್ತಾನೆ. ನಮ್ಮ ಮೈದಾನಕ್ಕೆ ಗುಲಾಬಿ ಹಿಡಿದವರು ಯಾರೂ ಬಂದದ್ದಿಲ್ಲ. ಬರುತ್ತಿದ್ದದ್ದು ಎಮ್ಮೆಗಳು.

ಈ ಕಥೆ ಹಾಗಿರಲಿಲ್ಲ. ಇದರ ನಾಯಕಿ ಸರ್ವಿಸ್ ಮಾಡುವ ಮುನ್ನ ಹಳದಿ ಉಲ್ಲನ್ ಚೆಂಡನ್ನು ಲಂಗಕ್ಕೆ ಉಜ್ಜುತ್ತಾಳೆ, ನಾಲಿಗೆ ಕಚ್ಚುತ್ತಾಳೆ. ಬರಿಗಾಲಲ್ಲಿ ಓಡಿ, ಜಲ್ಲಿಗೆ ಎಡವಿ, ಹೆಬ್ಬೆರಳಿನ ಉಗುರು ಕಿತ್ತುಕೊಂಡು, ಪ್ಲಾಸ್ಟರ್ ಸುತ್ತಿ ಮತ್ತೆ ಆಡುತ್ತಾಳೆ. ಅದೆಲ್ಲ ನಾನೇ. ಉಗುರೂ ನನ್ನದೇ. ಬಚ್ಚಲ ಮೆಟ್ಟಿಲಿಗೆ ಎಡವಿದೆ ಎಂದು ಅಮ್ಮನಿಗೆ ಹೇಳಿ, ಅಪ್ಪನ ಎದುರು ಕುಂಟದೆ ಓಡಾಡಿದ್ದೆ. "ಏಟು ಮಾಡ್ಕೊಂಡ್ರೆ, ಇಲ್ಲಾ ಯಾರ ಬಾಯಿಗಾದ್ರೂ ಬಿದ್ರೆ, ಅವತ್ತಿಗೆ ನಿನ್ನ ಆಟ ಬಂದ್" ಎಂದು ಅಪ್ಪ ಮೊದಲೇ ಹೇಳಿದ್ದರು. ಆ ಪತ್ರಿಕೆಯನ್ನು ಅವರು ಜಾಹೀರಾತೂ ಬಿಡದೆ ಓದುವವರು.

ಅವತ್ತು ಅವರು ಓದಿ ಮುಗಿಸುವವರೆಗೂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ.

"ಬರೀ ಬುರುಡೆ," ಎಂದರು ಅಪ್ಪ. "ಉಗುರು ಕಿತ್ಹೋದ್ರೂ ಆಡ್ತಾಳಂತೆ! ಯಾವ ಹುಡ್ಗಿ ಹಂಗಾಡ್ತಾಳೆ, ನೀನೇ ಹೇಳೇ."

ಅಮ್ಮ ಒಲೆಯ ಕಡೆ ತಿರುಗಿ ಸಾರು ಕದಡಿದಳು.

ಅಪ್ಪನಿಗೆ ನಿಜವೆನ್ನಿಸಿದ್ದು ನಾಯಕ. ಮೈದಾನದ ಹುಡುಗಿಯರಾದ ನಮಗೆ ಅವನದೇ ತಲೆಬಿಸಿ. ಅವನು ದೂರ ನಿಂತು ಆಟ ನೋಡುತ್ತಾನೆ, ಕರವಸ್ತ್ರದ ತುದಿಯನ್ನು ಬೆರಳಿಗೆ ಸುತ್ತುತ್ತಾನೆ, ಬಿಚ್ಚುತ್ತಾನೆ, ಆಟಕ್ಕೆ ಬಿಸಿಯೇರುವ ಹೊತ್ತಿಗೆ ಸರಿಯಾಗಿ ಹೊರಟುಹೋಗುತ್ತಾನೆ. ಹಾಗಾಗಿ ಯಾವ ಕಂತಿನಲ್ಲೂ ಮ್ಯಾಚ್ ಮುಗಿಯುವುದೇ ಇಲ್ಲ. "ಇವ್ನೆಂಥ ಲವರ್ರೇ, ಗೆದ್ರಾ ಸೋತ್ರಾ ಅಂತಾನೂ ನೋಡಲ್ವಲ್ಲ" ಎಂದು ನಮ್ಮ ಕ್ಯಾಪ್ಟನ್ ಬೈದಳು. ನಮ್ಮ ಮೈದಾನದ ಸುತ್ತ ಅಂಥ ಹುಡುಗ ಯಾರೂ ಇರಲಿಲ್ಲ. ಇದ್ದಿದ್ದರೆ ನಮಗೆ ಗೊತ್ತಾಗದೆ ಇರುತ್ತಿತ್ತೇ?

ನಮಗೆ ಆಟವಿಲ್ಲದ ಒಂದು ಸಂಜೆ ಅಮ್ಮ ಬಾಗಿಲಲ್ಲಿ ನಿಂತು ಅಪ್ಪನ ಕಾರ್ಖಾನೆ ಬಸ್ಸಿಗೆ ಕಾಯುತ್ತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನನಗೆ ಕಥೆಯ ನಾಯಕನ ಕರವಸ್ತ್ರ ನೆನಪಾಯಿತು. ಮೈದಾನದ ಪಕ್ಕದಲ್ಲೇ ಹಿಟ್ಟಿನ ಮಿಲ್ಲು. ಅಮ್ಮ ಯಾವಾಗ ನೋಡಿದರೂ ಪುಟ್ಟ ಡಬ್ಬದಲ್ಲಿ ರಾಗಿ ಹಿಡಿದು ಅಲ್ಲಿಗೆ ಹೊರಡುತ್ತಿದ್ದಳು. ನಮ್ಮ ಮನೆಯಲ್ಲಿ ಒಂದು ಮದುವೆಗಾಗುವಷ್ಟು ಹಿಟ್ಟಿತ್ತು. ಆದರೆ ಆಟ ಎಲ್ಲಿಗೇ ಬಂದಿರಲಿ, ಬಸ್ಸು ಬರುವುದರೊಳಗೆ ಮನೆ ಸೇರಿ ಅವಳು ಕಾಫಿಗೆ ನೀರಿಡಬೇಕಿತ್ತು.

"ಅಮ್ಮ, ಅದನ್ನ ಬರೀತಿರೋದು ನೀನಾ?"

"ಮೆತ್ತಗೆ ಮಾತಾಡೇ!" ಅವಳು ಬೀದಿಯ ಎರಡೂ ಕಡೆ ನೋಡಿದಳು. ಆಮೇಲೆ ಪಿಸುಗುಟ್ಟಿದಳು, "ಅವತ್ತು ಹೆಬ್ಬಾಳದೋರ ಮೇಲೆ ಆಡಿದ್ರಲ್ಲ, ಗೆದ್ರಾ?"

ಹಾಲಿನವನ ಎದುರೂ ದನಿ ಏರಿಸದ ನಮ್ಮಮ್ಮ ಬೇರೆ ಹೆಸರಿನಲ್ಲಿ ಪ್ರೇಮಕಥೆ ಬರೆಯುತ್ತಿದ್ದಾಳೆ! ನನ್ನ ಗುಟ್ಟನ್ನು ಊರಿಗೆಲ್ಲ ಹಂಚಿದಳೆಂದು ಸಿಟ್ಟು ಉಕ್ಕಿತು. ಸಿಟ್ಟಿನ ಹಿಂದೆಯೇ ಅಳುವೂ ಬಂತು.

"ಬರೆಯೋದಾದ್ರೆ ಕೊನೇವರೆಗೂ ನಿಂತು ನೋಡಿ ಬರಿ," ಎಂದೆ.

ಆ ವರ್ಷದ ಟೂರ್ನಮೆಂಟಿನ ಫೈನಲ್‌ನಲ್ಲಿ ಕೊನೆಯ ಪಾಯಿಂಟಿಗೆ ನಾನು ಹೊಡೆದ ಚೆಂಡು ಬಲೆಗೆ ಬಿತ್ತು. ಸೋತೆವು. ಕಾರ್ಖಾನೆಯ ಬಸ್ಸು ಆಗಲೇ ಗೇಟು ದಾಟಿ ಹೋಗಿತ್ತು. ತಲೆಯೆತ್ತಿದರೆ ಅಮ್ಮ ಮಿಲ್ಲಿನ ಗೋಡೆಗೆ ಅಂಟಿಕೊಂಡು ಇನ್ನೂ ನಿಂತೇ ಇದ್ದಳು! ಬೀಗ ಹಾಕಿದ ಬಾಗಿಲ ಮುಂದೆ ಕೂತಿದ್ದ ಅಪ್ಪನಿಗೆ "ಮಿಲ್ಲಲ್ಲಿ ರಶ್ಶು" ಎಂದಳು.

ಕೊನೆಯ ಕಂತು ಬಂದ ದಿನ ಅಪ್ಪ ಊಟಕ್ಕೆ ಕೂತು ರೇಗಾಡಿದರು. "ಕೊನೇಗೂ ಆ ಹುಡ್ಗ ಪೂರ್ತಿ ನಿಂತು ನೋಡ್ದ. ಅವತ್ತಾದ್ರೂ ಅವಳನ್ನ ಗೆಲ್ಲಿಸ್ಬಾರ್ದಾ? ಆಟದ ಗಂಧಗಾಳಿ ಇಲ್ದೋರು ಬರೆದ್ರೆ ಹಿಂಗೇ!"

ಮುದ್ದೆ ಬಡಿಸುತ್ತಿದ್ದ ಅಮ್ಮನ ಕೈ ನಿಂತಿತು.

"ಚೆಂಡು ಬಲೆಗೆ ಬಿತ್ತು ಕಣ್ರೀ. ಸೋತ್ಲು. ನಾನೇ ನಿಂತು ನೋಡ್ದೆ."

ಅಪ್ಪ ಅವಳನ್ನು ನೋಡಿದರು. ಪತ್ರಿಕೆಯನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಆಟ ಇವತ್ತಿಗೆ ಮುಗಿಯಿತು ಎಂದುಕೊಂಡೆ.

"ಎಲ್ಲಿ, ಕಾಲು ತೋರ್ಸು," ಎಂದರು.

ಲಂಗದಡಿಯಿಂದ ಕಾಲು ಚಾಚಿದೆ. ಉಗುರು ಇನ್ನೂ ಅರ್ಧವೇ ಬೆಳೆದಿತ್ತು. ಅಪ್ಪ ಎಂಜಲುಗೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡೇ ಬಗ್ಗಿ, ಬಹಳ ಹೊತ್ತು ನೋಡಿದರು.

"ನಾಳೆ ಶೂ ತರ್ತೀನಿ," ಎಂದರು. "ಬರಿಗಾಲಲ್ಲಿ ಆಡ್ಬೇಡ, ಅಷ್ಟೇ."