ಲಂಡನ್ನಿಗೆ ಹನ್ನೊಂದು ಗಂಟೆ

ವಿದೇಶದಿಂದ ಮರಳಿದ ಸಹೋದ್ಯೋಗಿಯೊಬ್ಬರು ಮೊನ್ನೆ ಆಫೀಸಿನಲ್ಲಿ ಚಾಕೊಲೇಟಿನ ಜೊತೆಗೆ ವಿಮಾನದಲ್ಲಿ ಕೊಡುವ ಒದ್ದೆ ಟಿಶ್ಯೂ ಒಂದನ್ನೂ ಕೊಟ್ಟರು. ಪೊಟ್ಟಣ ಹರಿದೊಡನೆ ನಿಂಬೆಯ ವಾಸನೆ. ಆ ವಾಸನೆಗೆ ನಿಮಗೆ ಆಕಾಶ ನೆನಪಾದೀತು. ನನಗೆ ನೆನಪಾಗುವುದು ನುಂಗಂಬಾಕ್ಕಂ ಬಡಾವಣೆಯ ಚಿಕ್ಕಪ್ಪ.

ಬ್ಯಾಂಕಿನ ದೊಡ್ಡ ಹುದ್ದೆಯಿಂದ ನಿವೃತ್ತರಾದ ಚಿಕ್ಕಪ್ಪ ವರ್ಷಕ್ಕೊಮ್ಮೆ ಲಂಡನ್ನಿನ ಷಡ್ಡಕನ ಮನೆಗೆ ಹೋಗಿಬರುತ್ತಿದ್ದರು; ಬರುವಾಗ ನಮಗೆಲ್ಲ ವಿಮಾನದ ಇಂಥದೇ ಟಿಶ್ಯೂ ತಂದು ಹಂಚುತ್ತಿದ್ದರು. "ಎಂಟು ಸಾವಿರ ಕಿಲೋಮೀಟರು ಕಣೋ. ಹನ್ನೊಂದೇ ಗಂಟೆ. ಊಟ ಮಾಡಿ ಒಂದು ನಿದ್ದೆ ತೆಗೆದ್ರೆ ಲಂಡನ್" ಎನ್ನುತ್ತಿದ್ದರು. ಕೂತಲ್ಲೇ ನಿದ್ದೆ ಹೋದದ್ದನ್ನು ಸಾಹಸವೆಂದು ಹೇಳಿಕೊಳ್ಳುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ. ಕೇಳಿ ತಲೆಯಾಡಿಸುವ ಕಲೆ ನನಗೆ ಒಲಿದಿತ್ತು. ಅವರ ಮನೆಯ ಕಾಫಿ ಅಷ್ಟು ಚೆನ್ನಾಗಿರುತ್ತಿತ್ತು.

ಅವರ ಒಡಹುಟ್ಟಿದ ತಂಗಿ, ನನ್ನ ಶಾರದತ್ತೆ, ಇದೇ ಊರಿನಲ್ಲಿ, ಬಂದರಿನ ಪಕ್ಕದ ರಾಯಪುರಂನಲ್ಲಿದ್ದರು. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ತಮಿಳರೊಬ್ಬರನ್ನು ಮೆಚ್ಚಿ ಮದುವೆಯಾದವರು. ಚಿಕ್ಕಪ್ಪ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಜಾತಿಯ ಮಾತನ್ನು ಎಂದೂ ಎತ್ತಿದವರಲ್ಲ; ಓದಿದವರಲ್ಲವೇ. "ಆ ಕಡೆ ಟ್ರಾಫಿಕ್ ಜಾಸ್ತಿ" ಎನ್ನುತ್ತಿದ್ದರು. ಅತ್ತೆಯ ಗಂಡ ತೀರಿಕೊಂಡ ದಿನವೂ ಟ್ರಾಫಿಕ್ ಜಾಸ್ತಿಯೇ ಇತ್ತು.

ಒಂದು ಸಲ ಅವರು ಲಂಡನ್ನಿನಿಂದ ಬಂದಾಗ ನಾವೆಲ್ಲ ಟೀವಿಯಲ್ಲಿ ಫೋಟೊ ನೋಡಲು ಸೇರಿದ್ದೆವು. ಕರೆಯದಿದ್ದರೂ ಅತ್ತೆ ಬಸ್ಸಿನಲ್ಲಿ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. ಕಿಲೋಮೀಟರು, ಗಂಟೆಗಳ ಪಾರಾಯಣ ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ಅಣ್ಣ, ಲಂಡನ್ನಿಂದ ರಾಯಪುರಂಗೆ ಎಷ್ಟು ಹೊತ್ತಾಗತ್ತೆ?"

"ಇದೆಂಥ ಪ್ರಶ್ನೆ ಶಾರದಾ?"

"ಇಲ್ಲ ಪಾ. ನೀನು ಅಷ್ಟು ದೂರ ಹೋಗ್ಬಂದೆ. ನಮ್ಮನೆಗೆ ಮಾತ್ರ ಇನ್ನೂ ಬಂದು ಸೇರ್ಲಿಲ್ಲ. ಅದಕ್ಕೇ ಕೇಳ್ದೆ."

ಚಿಕ್ಕಪ್ಪ ರಿಮೋಟ್ ಒತ್ತಿ, "ಇದು ಥೇಮ್ಸ್ ನದಿ" ಎಂದರು. ಅತ್ತೆ ಎದ್ದು ಹೊರಟರು. ನಾನು ಕಾಫಿ ಬಿಟ್ಟು ಅವರ ಹಿಂದೆ ಹೋದೆ. ಆಟೋದಲ್ಲಿ ಮನೆಗೆ ಬಿಟ್ಟು, ಅಲ್ಲೇ ಊಟ ಮಾಡಿದೆ. ಚಿಕ್ಕಪ್ಪನ ಮನೆಯ ದಾರಿ ನನಗೆ ಅಂದಿಗೆ ಮುಗಿಯಿತು.

ಕಡೆಗೆ ಚಿಕ್ಕಪ್ಪ ಆಸ್ಪತ್ರೆ ಸೇರಿದಾಗ ಅತ್ತೆಯೇ ನೋಡಲು ಹೊರಟರು. ಜೊತೆಗೆ ನಾನೂ ಹೋದೆ. ಚಿಕ್ಕಪ್ಪ ತಂಗಿಯ ಕೈ ಹಿಡಿದು, "ನಿನ್ನ ಮನೆ ಹೇಗಿದೆ?" ಎಂದರು. ಏಳಲಾಗದ ಹಾಸಿಗೆಯಿಂದ ಹೀಗೆ ಕೇಳುವುದು ಬಹಳ ಸುಲಭ ಎಂದುಕೊಂಡೆ. ಅತ್ತೆ ಹಾಗೆ ಎಣಿಸಲಿಲ್ಲ. "ಎರಡು ರೂಮು. ಸಣ್ಣದೇ. ಅಡುಗೆಮನೆ ಜನ್ನಲ್ ತೆಗೆದ್ರೆ ಸಮುದ್ರದ ಗಾಳಿ ಬರತ್ತೆ" ಎಂದು ಒಂದೊಂದಾಗಿ ಹೇಳುತ್ತ ಹೋದರು. ಅಣ್ಣ ಕಣ್ಣು ಮುಚ್ಚಿ ಕೇಳಿದರು. ಆ ವಾರವೇ ತೀರಿಕೊಂಡರು.

ಈ ಭಾನುವಾರ ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಚಿಕ್ಕಪ್ಪನ ಬಗ್ಗೆ ಎಂದಿನಂತೆ ಚುಚ್ಚಿ ಏನೋ ಅಂದೆ. ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

"ಅವನಿಗೆ ಸಾರು ಅಂದ್ರೆ ಪ್ರಾಣ," ಎಂದರು. "ಸಾಕು ಬಿಡು ಪಾ. ಸಾಪ್ಪಿಡು."

ನಾನು ತಲೆ ತಗ್ಗಿಸಿ ಉಂಡೆ.