ಶಾಂತಲಾ ಮಿಸ್ಸಿನ ಆಯುಧಪೂಜೆ

ನಾನು ತುಮಕೂರಿನ ಕಾಲೇಜಿನ ಲ್ಯಾಬಿನಲ್ಲಿ ಯಾವ ಕಂಪ್ಯೂಟರ್ ಮುಂದೆಯಾದರೂ ಅಳುಕಿಲ್ಲದೆ ಕೂರುತ್ತೇನೆಂದರೆ ಅದು ಗುಬ್ಬಿಯ ಶಾಂತಲಾ ಮಿಸ್ಸಿನಿಂದ. ಬೆಳ್ಳಾವಿಯಲ್ಲಿ ಹುಟ್ಟಿ, ಟೈಪಿಂಗ್ ಸೀನಿಯರ್ ಪಾಸು ಮಾಡಿ, ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿದ್ದ ನಾಗೇಶರನ್ನು ಮದುವೆಯಾಗಿ ಗುಬ್ಬಿಗೆ ಬಂದವರು. ಮಾವ ಕಾಳಯ್ಯನವರು ಕೊಬ್ಬರಿ ತುಂಬುತ್ತಿದ್ದ ರಸ್ತೆ ಬದಿಯ ಕೋಣೆಯನ್ನು ಸೊಸೆಗೆ ಬಿಟ್ಟುಕೊಟ್ಟರು. ಅಲ್ಲಿ ಐದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಬಂದವು. ತುಮಕೂರಿಗೆ ಕಳಿಸಲು ಮನೆಯವರು ಒಪ್ಪದ ಹಳ್ಳಿ ಹುಡುಗಿಯರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಅಲ್ಲಿ ಕಲಿತೆವು.

ಎರಡು ಸಾವಿರದ ಆರರ ದಸರಾ ಹತ್ತಿರ ಬಂದಿತ್ತು. ದುಡ್ಡು ಕೊಡದೆ ಕಾಪಿ ಮಾಡಿದ ವಿಂಡೋಸ್ ಹಾಕಿಕೊಂಡಿದ್ದಕ್ಕೆ ತುಮಕೂರಿನ ಒಂದು ಸೆಂಟರಿನ ಮಿಷಿನ್‌ಗಳನ್ನೆಲ್ಲ ಪೊಲೀಸರು ಹೊತ್ತುಕೊಂಡು ಹೋದರೆಂದು ನಾಗೇಶ್ ಊಟಕ್ಕೆ ಕೂತಾಗ ಹೇಳಿದರು. ನಮ್ಮವು ಹೇಗೆ ಎಂದು ಕಾಳಯ್ಯನವರು ಕೇಳಿದರು. ಮಿಸ್ ಸುಳ್ಳು ಹೇಳಲಿಲ್ಲ. ಮಾರಿದವನೇ ಹಾಕಿಕೊಟ್ಟಿದ್ದ, ಎಲ್ಲರೂ ಹಾಗೇ ಮಾಡುತ್ತಾರೆ, ಅಸಲಿದನ್ನು ಕೊಳ್ಳುವುದು ನಮ್ಮಿಂದಾಗದು ಎಂದರು.

ಕಾಳಯ್ಯನವರು ಪ್ರತಿ ವರ್ಷ ನೇಗಿಲು, ಮಚ್ಚು, ಕುಡುಗೋಲಿನ ಸಾಲಿನಲ್ಲೇ ಈ ಐದಕ್ಕೂ ಪೂಜೆ ಮಾಡುತ್ತಿದ್ದರು. ಅವರು ತಟ್ಟೆಯಲ್ಲಿ ಕೈ ತೊಳೆದರು.

"ಕದ್ ಕುಡ್ಲಿಗೆ ಯಾರಾದ್ರೂ ಕುಂಕುಮ ಇಡ್ತಾರೇನವ್ವಾ? ನಾನಂತೂ ಇಡಾಕಿಲ್ಲ. ಪೂಜೆ ಮಾಡ್ದಿರೋ ಸಾಮಾನು ಈ ಮನೇಲಿರಾದೂ ಬ್ಯಾಡ."

ಅಂದರೆ ಆಯುಧಪೂಜೆಗೆ ಕ್ಲಾಸು ಮುಚ್ಚಿದಂತೆಯೇ.

ತುಮಕೂರಿನ ಕಾಲೇಜೊಂದರಲ್ಲಿ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸಿನ ಸಿ.ಡಿ. ಪುಕ್ಕಟೆ ಹಂಚುತ್ತಿದ್ದಾರೆಂದು ಯಾರೋ ಹೇಳಿದ್ದು ನೆನಪಾಗಿ ಮಿಸ್ ಮರುದಿನವೇ ಬಸ್ ಹತ್ತಿದರು. ಮೊದಲು ಒಂದೇ ಮಿಷಿನ್‌ಗೆ ಹಾಕಿದರು. ಸೌಂಡ್ ಹೋಯಿತು, ಪ್ರಿಂಟರ್ ಮುಷ್ಕರ ಹೂಡಿತು. ಅದನ್ನು ಸರಿಮಾಡಲು ಒಂದು ವಾರ ಒದ್ದಾಡಿದರು. ಆಮೇಲೆ ನೋಡಬೇಕಿತ್ತು! ಪದೇಪದೇ ನಿಂತುಹೋಗುತ್ತಿದ್ದ ಆ ಮುದಿ ಕಂಪ್ಯೂಟರ್ ದಿನವಿಡೀ ಓಡಿತು, ಫ್ಲಾಪಿಯಿಂದ ಫ್ಲಾಪಿಗೆ ಹಬ್ಬುತ್ತಿದ್ದ ವೈರಸ್ಸಿನ ಕಾಟ ನಿಂತಿತು, ಎಲ್ಲಕ್ಕಿಂತ ಹೆಚ್ಚಾಗಿ ಪರದೆಯ ಮೇಲೆ ಕನ್ನಡ ಬಂತು. ಮಿಸ್ ಮಾವನನ್ನು ಕರೆದು ಕೂರಿಸಿದರು. ಅವರು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಕಸದ ಬುಟ್ಟಿ. ಇದ್ರೊಳ್ಗೂ ಕಸ ಬೀಳ್ತದಾ?"

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಇದನ್ನು ಮಾಡಿದವರ ಒಪ್ಪಿಗೆ ಕೇಳಿದ್ದೀಯಾ ಎಂದರು.

"ಕೇಳೋದೇ ಬೇಡ ಮಾವ. ತಗೊಳ್ಳಿ, ಹಂಚಿ, ತಪ್ಪಿದ್ರೆ ತಿದ್ದಿ ಅಂತ ಅವ್ರೇ ಬರ್ದಿಟ್ಟವ್ರೆ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಚಿಕ್ಕಗಂಗಮ್ಮ, "ಹೆಪ್ಪು ಕೊಟ್ಟಂಗೆ ಅನ್ನು. ಕೊಟ್ಟೋರ ಮನೇಲೂ ಮೊಸ್ರು, ಇಸ್ಕೊಂಡೋರ ಮನೇಲೂ ಮೊಸ್ರು," ಎಂದರು. ನನ್ನ ಪಠ್ಯಪುಸ್ತಕ ನಾಲ್ಕು ಪುಟದಲ್ಲಿ ಹೇಳುವುದನ್ನು ಆಕೆ ಅಡುಗೆಮನೆಗೆ ಹೋಗುತ್ತಾ ಹೇಳಿ ಮುಗಿಸಿದ್ದರು. ಕಾಳಯ್ಯನವರು ತಲೆಯಾಡಿಸಿದರು. ಐದಕ್ಕೂ ಲಿನಕ್ಸ್ ಬಂತು.

ಆದರೆ ಹುಡುಗಿಯರ ಅಪ್ಪಂದಿರಿಗೆ ಅದು ಹಿಡಿಸಲಿಲ್ಲ. ಮೊದಲು ಬಂದವರು ಓಬಳಯ್ಯ.

"ಆಫೀಸ್ನಾಗಿರಾದ್ ಬುಟ್ಟು ಇನ್ಯಾವ್ದೋ ಕಲ್ಸಿದ್ರೆ ನನ್ ಮಗ್ಳಿಗೆ ಯಾರಮ್ಮ ಕೆಲ್ಸ ಕೊಡ್ತಾರೆ?"

ಪತ್ರ ಟೈಪ್ ಮಾಡುವುದು, ಲೆಕ್ಕದ ಪಟ್ಟಿ ಹಾಕುವುದು ಎಲ್ಲ ಇದರಲ್ಲೂ ಹಾಗೇ ಇದೆ, ಇದನ್ನು ಕಲಿತ ಕೈಗೆ ಅದೂ ಬರುತ್ತದೆ ಎಂದು ಮಿಸ್ ವಿವರಿಸಿದರು. ಕೆಲಸ ಸಿಕ್ಕೇ ಸಿಗುತ್ತದೆಂದು ಮಾತು ಕೊಡಲು ಮಾತ್ರ ಅವರಿಗೆ ಆಗಲಿಲ್ಲ. ಓಬಳಯ್ಯ ಮಗಳನ್ನು ಕರೆದುಕೊಂಡು ಹೋದರು. ಅವರ ಹಿಂದೆಯೇ ಒಬ್ಬೊಬ್ಬರಾಗಿ ಉಳಿದವರೂ ಬಿಟ್ಟರು. ಕೊನೆಗೆ ನಾವು ಮೂವರು ಉಳಿದೆವು.

ಮುಂದಿನದು ಮಿಸ್ ನನಗೆ ಆಮೇಲೆ ಹೇಳಿದ್ದು. ಹಬ್ಬದ ಹಿಂದಿನ ದಿನ ನಾಗೇಶ್ ಮೆಲ್ಲಗೆ ಅಂದರಂತೆ, "ಎರಡ್ರಲ್ಲಿ ಹಳೇದನ್ನೇ ಹಾಕ್ಬುಡು. ಹುಡ್ಗೀರು ವಾಪಸ್ ಬರ್ತಾರೆ. ಅಪ್ಪಂಗೇನ್ ತಿಳೀತದೆ?"

ಹಳೆಯ ಸಿ.ಡಿ. ಇನ್ನೂ ಬೀರುವಿನಲ್ಲೇ ಇತ್ತು. ಮಿಸ್ ಎದ್ದು ಅದನ್ನು ಹೊರಗೆ ತೆಗೆದರಂತೆ.

"ನಾಳೆ ಪೂಜೆ ತಟ್ಟೆ ಹಿಡ್ಕೊಂಡು ಅವ್ರ್ ಪಕ್ಕ ನಿಂತ್ಕೊಳೋಳು ನಾನು ಕಣ್ರೀ," ಎಂದು ಸಿ.ಡಿ.ಯನ್ನು ಮುರಿದು ಒಲೆಯ ಬೂದಿಗೆ ಎಸೆದರಂತೆ.

ಪೂಜೆಯ ದಿನ ಕಾಳಯ್ಯನವರು ಐದಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವು ಇಟ್ಟರು. ಯಾರೂ ಕೂರದ ಕಂಪ್ಯೂಟರಿಗೂ ಮಂಗಳಾರತಿ ಎತ್ತಿ ಒಂದು ಗಳಿಗೆ ಹಾಗೇ ನಿಂತರು. ತಮ್ಮ ಮಾತಿಗೆ ಸೊಸೆ ಏನು ತೆತ್ತಳೆಂದು ಅವರಿಗೆ ಆಗ ಕಂಡಿರಬೇಕು.

ವಿಜಯದಶಮಿ ಕಳೆದ ಬೆಳಿಗ್ಗೆ ನಾವು ಮೂವರೂ ಹೋಗಿ ಕೂತಿದ್ದೆವು. ಮಿಸ್ ಹೊಸ್ತಿಲಲ್ಲಿ ನಿಂತು ಬಸ್ ಸ್ಟ್ಯಾಂಡಿನ ಕಡೆ ನೋಡುತ್ತಲೇ ಇದ್ದರು. ಕಾಳಯ್ಯನವರು ಜಗುಲಿಯಿಂದ ಎದ್ದು ಬಂದರು.

"ಯಾರ್ನ ಕಾಯ್ತಿದೀಯ ಶಾಂತವ್ವ? ಇರೋರ್ಗೆ ಹೇಳ್ಕೊಡು."

ಮಿಸ್ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದು ಸ್ವಿಚ್ ಹಾಕಿದರು.