ಖಾಸಿಂ ಬಾಯ್ ಹೇಳಿದ ‘ಹೌದು’

೧೯೫೭ರಲ್ಲಿ ನನ್ನ ಮದುವೆ ನಿಶ್ಚಯವಾದಾಗ ನಾವು ಮದ್ರಾಸಿನ ವೆಸ್ಟ್ ಮಾಂಬಲದಲ್ಲಿದ್ದೆವು. ಕೆಳಗೆ ಅಪ್ಪನ ಹೋಟೆಲು, ಮೇಲೆ ನಮ್ಮ ಮನೆ. ಮಗಳಿಗೆ ಕೊಡಲೆಂದು ಅಪ್ಪ ಬೀಟೆಮರದ ಮಂಚ ಮಾಡಿಸಿದ್ದರು. ಅದಕ್ಕೆ ಪಾಲಿಶ್ ಹಾಕಲು ಬಂದವರು ಖಾಸಿಂ ಬಾಯ್.

ಆಗ ಮದ್ರಾಸಿನಲ್ಲಿ ಪಾನನಿಷೇಧ. ಪಾಲಿಶ್ ತಯಾರಾಗುವುದು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ. ಕುಡಿತ ಬಿಡಲಾಗದ ಕೆಲವರು ಅದನ್ನೇ ಕುಡಿಯುತ್ತಿದ್ದರಂತೆ. ಹಾಗಾಗಿ ಆ ವಾಸನೆ ಬಂದರೆ ಪೊಲೀಸರು ಬಿಡುತ್ತಿರಲಿಲ್ಲ. ಹೊತ್ತು ತಪ್ಪದೆ ನಮಾಜು ಮಾಡುವ, ಬೀಡಿಯನ್ನೂ ಮುಟ್ಟದ ಬಾಯ್ ದಿನಾ ಸಂಜೆ ಅಮ್ಮನ ಹತ್ತಿರ ಸೀಗೆಪುಡಿ ಕೇಳಿ, ಮೊಣಕೈವರೆಗೆ ಉಜ್ಜಿ ತೊಳೆದುಕೊಂಡು ಹೊರಡುತ್ತಿದ್ದರು. “ಮದುವೆ ಹೆಣ್ಣಿಗಿಂತ ಇವರಿಗೇ ಸೀಗೆ ಜಾಸ್ತಿ ಬೇಕು” ಎಂದು ಅಮ್ಮ ನಗುತ್ತಿದ್ದರು.

ಕೆಲಸ ಮುಗಿದ ದಿನ ಬಾಯ್ ಉಳಿದ ಪಾಲಿಶ್ ಸೀಸೆಯನ್ನು ಚೀಲದಲ್ಲಿಟ್ಟುಕೊಂಡು ಹೋದರು. ಮರುದಿನ ಬೆಳಿಗ್ಗೆ ಅವರ ಹೆಂಡತಿ ಅಳುತ್ತಾ ನಮ್ಮ ಬಾಗಿಲಿಗೆ ಬಂದರು. ರೈಲ್ವೆ ಸ್ಟೇಷನ್ ಹತ್ತಿರ ಪೊಲೀಸರು ಸೀಸೆ ಸಮೇತ ಹಿಡಿದು ಬಾಯ್ ಅವರನ್ನು ಒಳಗೆ ಹಾಕಿದ್ದರು. ಅಪ್ಪ ಅಂಗಿ ಹಾಕಿಕೊಂಡರು. ಆ ಹೆಂಗಸಿಗೆ ಜೊತೆಯಾಗಲೆಂದು ನಾನೂ ಹೊರಟೆ.

“ಮದುವೆ ಹೆಣ್ಣು ಕೋರ್ಟಿಗೆ ಹೋಗುದುಂಟಾ ಮಾರಾಯ್ತಿ!” ಎಂದು ಅಮ್ಮ ಕೂಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೋರ್ಟಿನ ವರಾಂಡದಲ್ಲಿ ರಿಕ್ಷಾ ಎಳೆಯುವವರು, ಕೂಲಿಯವರು, ಗುಡಿಸಲುಗಳ ಹೆಂಗಸರು ಸಾಲಾಗಿ ಕೂತಿದ್ದರು. ಕಾಲಿಗೆ ಚಪ್ಪಲಿ ಇದ್ದವರೇ ಕಡಿಮೆ. ನಮ್ಮ ಬೀದಿ ಕೊನೆಯ ಬಂಗಲೆಯ ಯಜಮಾನರಿಗೆ ಡಾಕ್ಟರ ಚೀಟಿಯ ಮೇಲೆ ಕುಡಿಯಲು ಪರ್ಮಿಟ್ ಇತ್ತು. ಅವರ ಸೀಸೆಗಳ ಬೀರುವಿಗೆ ಪಾಲಿಶ್ ಹಾಕಿದ್ದವರೂ ಇದೇ ಬಾಯ್. ಅದು ನೆನಪಾಗಿ ನನಗೆ ಮೈ ಉರಿಯಿತು.

ಕೇಸು ನಡೆಸಿದರೆ ಸೀಸೆ ಪರೀಕ್ಷೆಗೆ ಹೋಗಿ ಬರಬೇಕು, ಜಾಮೀನಿಗೆ ಆಸ್ತಿ ತೋರಿಸದಿದ್ದರೆ ಅಲ್ಲಿಯವರೆಗೂ ಒಳಗೇ ಇರಬೇಕು ಎಂದು ಅಲ್ಲಿದ್ದ ವಕೀಲರೊಬ್ಬರು ಹೇಳಿದರು. ಅಪ್ಪನ ಹೋಟೆಲೂ ಬಾಡಿಗೆ ಕಟ್ಟಡ. ತಪ್ಪೊಪ್ಪಿಕೊಂಡರೆ ದಂಡ ಕಟ್ಟಿ ಅಂದೇ ಮನೆಗೆ ಹೋಗಬಹುದಿತ್ತು.

“ಹೌದು ಅಂದುಬಿಡಿ ಬಾಯ್, ಇವತ್ತಿಗೆ ಮುಗೀತದೆ” ಎಂದರು ಅಪ್ಪ.

“ಜನ್ಮದಲ್ಲಿ ಮುಟ್ಟಿಲ್ಲ ಸಾಮಿ. ಕುಡಿಯೋಕೆ ಇಟ್ಕೊಂಡಿದ್ದೆ ಅಂತ ನನ್ನ ಬಾಯಿಂದಲೇ ಹೇಳ್ಬೇಕಾ?”

ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಹೇಳಿಬಿಡಿ. ನೀವು ಮನೆಗೆ ಬಂದ್ರೆ ಸಾಕು” ಎಂದರು.

ಬಾಯ್ ಹೌದು ಎಂದರು. ಮ್ಯಾಜಿಸ್ಟ್ರೇಟರು ತಲೆಯೆತ್ತಿ ಅವರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಅಪ್ಪ ದಂಡ ಕಟ್ಟಿದರು. ದೊಡ್ಡ ಉಪಕಾರ ಮಾಡಿದೆವೆಂಬ ಖುಷಿಯಲ್ಲೇ ನಾವು ಮನೆಗೆ ಬಂದೆವು.

ಎರಡು ವರ್ಷದ ಮೇಲೆ ಬಾಣಂತನಕ್ಕೆ ತವರಿಗೆ ಬಂದಾಗ ಬಾಯ್ ಜೈಲಿನಲ್ಲಿದ್ದಾರೆಂದು ತಿಳಿಯಿತು. ಕೆಲಸ ಮುಗಿಸಿ ಬರುವಾಗ ಮತ್ತೆ ಸೀಸೆ ಸಮೇತ ಸಿಕ್ಕಿಬಿದ್ದಿದ್ದರು. ಒಳ್ಳೆಯ ಮನುಷ್ಯ ಎಂದು ಸಾಕ್ಷಿ ಹೇಳಲು ಅಪ್ಪ ಹೋಗಿದ್ದರಂತೆ. “ಹೋದ ಸಲ ಇವನೇ ಒಪ್ಪಿಕೊಂಡಿದ್ದಾನಲ್ಲ?” ಎಂದು ಮ್ಯಾಜಿಸ್ಟ್ರೇಟರು ಕೇಳಿದರಂತೆ. ಎರಡನೆಯ ತಪ್ಪಿಗೆ ದಂಡದಲ್ಲಿ ಬಿಡುವಂತಿರಲಿಲ್ಲ, ತಿಂಗಳುಗಟ್ಟಲೆ ಸಜೆಯೇ ಆಯಿತು.

ನಾನು ಗಂಡನ ಮನೆಗೆ ಹೊರಡುವ ಮೊದಲು ಬಾಯ್ ಬಿಡುಗಡೆಯಾಗಿ ಬಂದರು. ತುಂಬಾ ಇಳಿದುಹೋಗಿದ್ದರು. ಕೂಸನ್ನು ನೋಡಿ ನಕ್ಕು, ಮಂಚ ಹೇಗಿದೆ ಎಂದು ಕೇಳಿದರು. ಹೋಟೆಲಿನ ಬಾಗಿಲುಗಳಿಗೆ ಪಾಲಿಶ್ ಆಗಬೇಕು, ನೀವೇ ಮಾಡಿ ಎಂದರು ಅಪ್ಪ. ಬಾಯ್ ಎರಡೂ ಅಂಗೈ ಮುಂದೆ ಚಾಚಿದರು.

“ಮೂಸಿ ನೋಡಿ ಸಾಮಿ, ಏನೂ ವಾಸನೆ ಇಲ್ಲ. ಆ ಕೆಲಸ ಬಿಟ್ಟೆ. ಈಗ ಮಾರ್ಕೆಟ್ಟಲ್ಲಿ ಮೂಟೆ ಹೊರ್ತೀನಿ.”

ಅಪ್ಪ ಆ ಕೈಗಳನ್ನು ಹಿಡಿದುಕೊಂಡರು.

ಅವತ್ತು ಆ ‘ಹೌದು’ ಹೇಳಿಸಬಾರದಿತ್ತು ಎಂದು ಅಪ್ಪ ಕೊನೆಯವರೆಗೂ ಕೊರಗಿದರು. ಹೇಳಿಸದೆ ಬೇರೆ ಏನು ಮಾಡಬಹುದಿತ್ತು ಎಂಬುದು ನನಗೆ ಇಂದಿಗೂ ಗೊತ್ತಾಗಿಲ್ಲ. ಆ ಮಂಚ ಈಗಲೂ ನನ್ನ ಹತ್ತಿರವೇ ಇದೆ. ಬಣ್ಣ ಮಾಸಿದೆ, ಮತ್ತೆ ಪಾಲಿಶ್ ಹಾಕಿಸೋಣ ಎಂದು ಮಕ್ಕಳು ಹೇಳುತ್ತಾರೆ. ಬೇಡ ಎನ್ನುತ್ತೇನೆ. ಅದಕ್ಕೆ ಕೊನೆಯದಾಗಿ ಪಾಲಿಶ್ ಹಾಕಿದ್ದು ಬಾಯ್ ಅವರ ಕೈಯೇ ಆಗಿರಲಿ.